ಗಾಡಿ ಎಷ್ಟು ಕೊಡುತ್ತೆ?

ಹಸು ಕೊಂಡವನಿಗೂ ಸ್ಕೂಟರ್ ಕೊಂಡವನಿಗೂ ನಮ್ಮ ಜನ ಕೇಳುವ ಮೊದಲ ಪ್ರಶ್ನೆ ಒಂದೇ: “ಎಷ್ಟು ಕೊಡುತ್ತೆ?” ಹಸುವಿನವನು ಆರು ಲೀಟರ್ ಕರೆದು ಎಂಟು ಎನ್ನುತ್ತಾನೆ. ಸ್ಕೂಟರಿನವನು ಲೀಟರಿಗೆ ನಲವತ್ತು ಕಿಲೋಮೀಟರ್ ಓಡಿಸಿ ಐವತ್ತೈದು ಎನ್ನುತ್ತಾನೆ. ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಆದರೂ ಕೇಳಿದವನು “ಪರವಾಗಿಲ್ಲ ಬಿಡಿ” ಎಂದು ಸಮಾಧಾನ ಹೇಳಿ, ತನ್ನದು ಅರವತ್ತು ಎನ್ನುತ್ತಾನೆ. ನಾನು ಐವತ್ತೈದರ ಪಕ್ಷದವನು. ನಮ್ಮವಳು ಪಕ್ಕದಲ್ಲಿದ್ದರೆ ಮಾತ್ರ ಕಷ್ಟ. “ಎಲ್ರೀ ಐವತ್ತೈದು? ಮೊನ್ನೆ ತಾನೇ ಮುನ್ನೂರು ರೂಪಾಯಿಗೆ ಹಾಕಿಸಿದ್ರಿ, ಆಗ್ಲೇ ಮುಳ್ಳು ಮಲಗಿದೆ” ಎಂದು ನಾಲ್ಕು ಜನರ ಮುಂದೆ ಗಾಡಿಯ ಮಾನ ತೆಗೆಯುತ್ತಾಳೆ.

ಗಾಡಿ ಅಂದೆ ನೋಡಿ. ಷೋರೂಮಿನಲ್ಲಿ ಇರುವ ತನಕ ಅದು ಸ್ಕೂಟರ್. ಮನೆ ಮುಂದೆ ಬಂದು, ಕುಂಕುಮ ಹಚ್ಚಿಸಿಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾದ ಕ್ಷಣದಿಂದ ಗಾಡಿ. ಎತ್ತಿಲ್ಲ ಅನ್ನುವುದೊಂದೇ ಕೊರತೆ. ಅದನ್ನು ನಾನು ತುಂಬಿಕೊಡುತ್ತಿದ್ದೇನೆ.

ಹನ್ನೊಂದು ವರ್ಷದ ಕೆಳಗೆ ಕೊಂಡಾಗ ನನ್ನ ಲೆಕ್ಕ ಸರಳವಾಗಿತ್ತು. ಬೆಂಗಳೂರಿನಲ್ಲಿ ಮನೆ ಹನುಮಂತನಗರ, ಆಫೀಸು ಬೊಮ್ಮನಹಳ್ಳಿ. ಒಂದು 110 ಸಿಸಿ ಸ್ಕೂಟರಿದ್ದರೆ ಬಸ್ಸಿಗೆ ಕಾಯುವುದು ತಪ್ಪುತ್ತದೆ, ಯಾರ ಹಂಗೂ ಇಲ್ಲದೆ ಹೋಗಿ ಬರಬಹುದು. ಬಸ್ಸಿನ ಹಂಗು ತಪ್ಪಿದ್ದು ನಿಜ. ಆದರೆ ಗಾಡಿ ಬಂದ ವಾರದೊಳಗೆ ಬೇರೊಂದು ಶುರುವಾಯಿತು. “ಹೇಗೂ ಗಾಡೀಲಿ ಹೋಗ್ತೀರಲ್ಲ, ಈ ಬ್ಲೌಸು ಟೈಲರ್‌ಗೆ ಕೊಟ್ಬಿಡಿ.” “ಹೇಗೂ ಗಾಡೀಲಿ ಹೋಗ್ತೀರಲ್ಲ, ಮಿಕ್ಸಿ ಜಾರ್ ರಿಪೇರಿಗೆ ಹಾಕ್ಬಿಡಿ.” ಪಕ್ಕದ ಮನೆ ಅಜ್ಜಿ ಗೇಟಿನ ಹತ್ತಿರ ಚೀಲ ಹಿಡಿದೇ ನಿಂತಿರುತ್ತಿದ್ದರು. “ಹೇಗೂ ಗಾಡೀಲಿ ಹೋಗ್ತೀಯಲ್ಲಪ್ಪಾ, ನನ್ನನ್ನ ಗಾಂಧಿ ಬಜಾರ್‌ಗೆ ಬಿಟ್ಟು ಹೋಗು. ನಿಂಗೆ ದಾರೀನೇ.” ನನ್ನ ದಾರಿ ಬೇರೆ ಕಡೆಗಿದೆ ಎಂದು ಅಜ್ಜಿಗೆ ಹೇಳಲು ಹನ್ನೊಂದು ವರ್ಷವಾದರೂ ಬಾಯಿ ಬಂದಿಲ್ಲ.

ತಪ್ಪು ನಮ್ಮದಲ್ಲ, ಈ ವಾಹನದ ಹುಟ್ಟಿನಲ್ಲೇ ಇದೆ. ಇಟಲಿಯ ಪಿಯಾಜಿಯೋ ಕಂಪನಿ ಎರಡನೇ ಮಹಾಯುದ್ಧ ಮುಗಿಯುವವರೆಗೆ ವಿಮಾನ ಮಾಡಿಕೊಂಡಿತ್ತು. ಯುದ್ಧ ಮುಗಿಯಿತು, ಕಾರ್ಖಾನೆ ಬಾಂಬಿಗೆ ಬಿದ್ದಿತ್ತು, ವಿಮಾನ ಕೊಳ್ಳುವವರಿಲ್ಲ. ಹಾಗಾಗಿ 1946ರಲ್ಲಿ ಬಡವರಿಗೊಂದು ವಾಹನ ಅಂತ ಸ್ಕೂಟರ್ ಮಾಡಿತು. ಅದನ್ನು ಕಲ್ಪಿಸಿದ ಕೊರಾದಿನೋ ದಸ್ಕಾನಿಯೋ ಮೂಲತಃ ವಿಮಾನದ ಎಂಜಿನಿಯರ್, ಮೋಟರ್‌ಸೈಕಲ್ ಕಂಡರೆ ಆಗದವನು. ಎಣ್ಣೆ ಬಟ್ಟೆಗೆ ಸಿಡಿಯುತ್ತದೆ, ಕಾಲೆತ್ತಿ ಹಾಕಿ ಹತ್ತಬೇಕು, ಟೈರು ಬಿಚ್ಚುವುದು ರಗಳೆ ಅನ್ನುವುದು ಅವನ ತಕರಾರು. ಎಂಜಿನನ್ನು ತಗಡಿನೊಳಗೆ ಮುಚ್ಚಿಟ್ಟು ಹಿಂದಕ್ಕೆ ತಳ್ಳಿದ. ಗೇರನ್ನು ಕೈಗೆ ತಂದ. ಮುಂದಿನ ಚಕ್ರವನ್ನು ವಿಮಾನದ ಚಕ್ರದ ಹಾಗೆ ಒಂದೇ ಪಕ್ಕದಿಂದ ಹಿಡಿಸಿದ. ನಡುವೆ ಕಾಲಿಡಲು ಖಾಲಿ ಜಾಗ ಬಿಟ್ಟ. ಸಣ್ಣ ಸೊಂಟ, ದಪ್ಪ ಹಿಂಭಾಗ, ಗುಂಯ್ ಅನ್ನುವ ಸದ್ದು. ನೋಡಿದ ಯಜಮಾನ ಎನ್ರಿಕೊ ಪಿಯಾಜಿಯೋ “ಇದು ಕಣಜದ ಹಾಗಿದೆಯಲ್ಲ!” ಅಂದನಂತೆ. ಅವರ ಭಾಷೆಯಲ್ಲಿ ಕಣಜಕ್ಕೆ ವೆಸ್ಪಾ ಅನ್ನುತ್ತಾರೆ, ಅದೇ ಹೆಸರಾಯಿತು.

ಅವನು ಹೇಳಿದ್ದು ಕುಟುಕುವ ಹುಳದ ಮಾತು. ನಮಗೆ ಕಣಜ ಅಂದರೆ ಮೊದಲು ನೆನಪಾಗುವುದು ಭತ್ತ ತುಂಬುವ ಕಣಜ! ಕಾಲಿಗೆಂದು ಪುಣ್ಯಾತ್ಮ ದಸ್ಕಾನಿಯೋ ಬಿಟ್ಟ ಖಾಲಿ ಜಾಗವನ್ನು ನಾವು ಖಾಲಿ ಬಿಟ್ಟೆವೇ? 25 ಕೆಜಿ ಸೋನಾ ಮಸೂರಿ ಮೂಟೆ ಅಲ್ಲೇ. ಗ್ಯಾಸ್ ಸಿಲಿಂಡರ್ ಅಲ್ಲೇ. ಗೌರಿ ಹಬ್ಬಕ್ಕೆ ಬಾಳೆಕಂದು ಅಲ್ಲೇ, ಎರಡು ತುದಿಯೂ ಆಚೀಚೆ ಹೋಗುವವರನ್ನು ಸವರುತ್ತಾ. ಮೂಟೆ ಇಲ್ಲದ ದಿನ ಮಗ ನಿಂತಿರುತ್ತಿದ್ದ, ಹ್ಯಾಂಡಲ್ ಹಿಡಿದು, ತಾನೇ ಓಡಿಸುತ್ತಿರುವ ಗತ್ತಿನಲ್ಲಿ. ಹಾಗಾದರೆ ಕಾಲು? ಕಾಲಿಗೆ ಹೊರಗಡೆ ಬೇಕಾದಷ್ಟು ಜಾಗ ಇದೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂರಿಸಿಕೊಂಡರೆ ಪಟ್ಟಿ ಕಟ್ಟಿ, ಹೆಲ್ಮೆಟ್ ಹಾಕಿ, ಗಂಟೆಗೆ 40 ಕಿಲೋಮೀಟರ್ ಮೀರಬೇಡಿ ಎಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿತು. ಪಟ್ಟಿ, ಹೆಲ್ಮೆಟ್ ಸರಿ. 40 ಮೀರುವುದು? ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮೀರಿ ತೋರಿಸುವವರಿದ್ದರೆ ದಂಡ ನಾನೇ ಕಟ್ಟುತ್ತೇನೆ.

ನಮ್ಮಪ್ಪನದು ಚೇತಕ್. ಆ ಮಾಡೆಲ್ ಮಾರುಕಟ್ಟೆಗೆ ಬಂದದ್ದು 1972ರಲ್ಲಿ, ರಾಣಾ ಪ್ರತಾಪನ ಕುದುರೆಯ ಹೆಸರು. ಕುದುರೆಯಾದರೂ ಬೇಗ ಸಿಗುತ್ತಿತ್ತೇನೋ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಅಪ್ಪ ಬುಕ್ ಮಾಡಿದಾಗ ಅವರಿಗೆ ಮದುವೆ ನಿಶ್ಚಯವಾಗಿತ್ತು, ಹಿಂದಿನ ಸೀಟಿನದೇ ಕನಸು. ಗಾಡಿ ಬಂದಾಗ ಮುಂದೆ ನಿಲ್ಲುವುದಕ್ಕೆ ನಾನು ಹುಟ್ಟಿ, ನಡೆದು, ಹಲ್ಲು ಬಿದ್ದಿತ್ತು. ಬೆಳಿಗ್ಗೆ ಅದನ್ನು ಎಬ್ಬಿಸುವುದೇ ಒಂದು ಸಂಧ್ಯಾವಂದನೆ. ಪೆಟ್ರೋಲಿನ ನಲ್ಲಿ ತಿರುಗಿಸು, ಚೋಕ್ ಎಳೆ, ಕಾರ್ಬುರೇಟರಿಗೆ ಪೆಟ್ರೋಲ್ ಇಳಿಯಲಿ ಅಂತ ಗಾಡಿಯನ್ನು ಒಂದು ಪಕ್ಕಕ್ಕೆ ಪೂರ್ತಿ ವಾಲಿಸು, ನೆಟ್ಟಗೆ ಮಾಡು, ಆಮೇಲೆ ಕಿಕ್. ಅಷ್ಟಕ್ಕೂ ಏಳದಿದ್ದರೆ ಅಮ್ಮ ಒಳಗಿನಿಂದ “ಇವತ್ತು ಬಸ್ಸಿಗೇ ಹೋಗಿ” ಎನ್ನುವ ಮಂತ್ರಪುಷ್ಪ. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರಿಲ್ಲ, ಗುಂಡಿ ಒತ್ತಿದರೆ ಸ್ಟಾರ್ಟು. ಅಪ್ಪ ಅದನ್ನು ನೋಡಿ ಮೂಗು ಮುರಿದರು. “ಗೇರ್ ಇಲ್ದಿದ್ರೆ ಅದೇನು ಗಾಡಿನೋ? ಹೆಂಗಸರಿಗೆ ಸರಿ.” ರಿಟೈರಾದ ಮೇಲೆ ಮಂಡಿ ನೋವು ಶುರುವಾಗಿ ನನ್ನ ಗುಂಡಿ ಗಾಡಿಯಲ್ಲೇ ದೇವಸ್ಥಾನಕ್ಕೆ ಹೋಗಿ ಬಂದರು. ಹೇಗಿತ್ತು ಅಂದರೆ, “ಬ್ರೇಕ್ ಚೆನ್ನಾಗಿದೆ” ಅಂದರು. ಅಷ್ಟೇ. ಗೇರಿನ ಮಾತೆತ್ತಲಿಲ್ಲ.

ಗೇರಿಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ಒಳಗೆ ಎರಡು ರಾಟೆ, ನಡುವೆ ಒಂದು ಬೆಲ್ಟು. ವೇಗಕ್ಕೆ ತಕ್ಕ ಹಾಗೆ ರಾಟೆಗಳ ಸಂದು ತಾನಾಗಿ ಅಗಲವಾಗಿ ಕಿರಿದಾಗಿ ಬೆಲ್ಟು ಮೇಲೆ ಕೆಳಗೆ ಸರಿಯುತ್ತದೆ, ಬೇರೆ ಬೇರೆ ಗೇರಿನ ಕೆಲಸ ಅಲ್ಲೇ ಆಗುತ್ತದೆ. ಎಡಗೈಗೆ ಬ್ರೇಕು, ಹಾರನ್ನು ಬಿಟ್ಟರೆ ಉದ್ಯೋಗವಿಲ್ಲ. ನಿರುದ್ಯೋಗಿ ಕೈ ಸುಮ್ಮನಿರುತ್ತದೆಯೇ? ಪಕ್ಕದ ಆಟೋದವನಿಗೆ “ಏನಪ್ಪಾ” ಎಂದು ಕೇಳುವುದಕ್ಕೆ ಅದೇ ಮೇಲೇಳುವುದು.

ಈಗ ಡಿಕ್ಕಿಗೆ ಬರೋಣ. ಸೀಟಿನ ಕೆಳಗಿನ ಆ ಗುಳಿಯೇ ನಿಜವಾದ ಕಣಜ. ಕಂಪನಿಯವರು ಅಲ್ಲಿ ಹೆಲ್ಮೆಟ್ ಇಡಿ ಅಂತಾರೆ. ಹೆಲ್ಮೆಟ್ ಇಡಲು ಜಾಗ ಎಲ್ಲಿದೆ? ನನ್ನ ಗಾಡಿಯಲ್ಲಿ ಪೆಟ್ರೋಲಿನ ಬಾಯಿಯೂ ಸೀಟಿನ ಕೆಳಗೇ. ಈಗಿನ ಹೊಸ ಮಾಡೆಲ್‌ಗಳಿಗೆ ಹೊರಗೇ ಮುಚ್ಚಳ ಬಂದಿದೆ, ಅವರ ಮರ್ಯಾದೆ ಉಳಿಯಿತು. ನಮ್ಮಂಥವರು ಬಂಕಿನಲ್ಲಿ ಇಳಿದು ಸೀಟೆತ್ತಿದರೆ ಹಿಂದಿನ ಹತ್ತು ಗಾಡಿಯವರಿಗೆ ಸಂಸಾರದ ದರ್ಶನ. ಒಂದು ಸೋಮವಾರ ಹೀಗೇ ಎತ್ತಿದೆ. ಹರಿದ ರೇನ್‌ಕೋಟು, ಅದರ ಮೇಲೆ ಒರೆಸುವ ಬಟ್ಟೆ (ಒಂದು ಕಾಲಕ್ಕೆ ನನ್ನ ಬನಿಯನ್ನು), ಎಮಿಷನ್ ಟೆಸ್ಟಿನ ಮಾಸಿದ ಚೀಟಿ, ದೇವಸ್ಥಾನದಲ್ಲಿ ಕೊಟ್ಟ ಅರ್ಧ ತೆಂಗಿನಕಾಯಿ, ಮಗನ ಒಂದೇ ಒಂದು ಕಾಲುಚೀಲ, ಟೈಲರಿಗೆ ಕೊಡಬೇಕಾಗಿದ್ದ ಬ್ಲೌಸು. ಕೊಡಬೇಕಾಗಿದ್ದದ್ದು ಹಿಂದಿನ ಸೋಮವಾರ. ಬಂಕಿನ ಹುಡುಗ “ಝೀರೋ ನೋಡ್ಕೊಳ್ಳಿ ಸಾರ್” ಅಂದ. ಆಮೇಲೆ ತಗ್ಗಿದ ದನಿಯಲ್ಲಿ, “ಕಾಯಿ ಕೆಟ್ಟೋಗಿದೆ ಸಾರ್, ವಾಸ್ನೆ ಬರ್ತಿದೆ.”

ಕೆಡದೆ ಏನು ಮಾಡುತ್ತದೆ? ಡಿಕ್ಕಿಯ ನೇರ ಕೆಳಗೇ ಎಂಜಿನ್ನು. ಗಾಂಧಿ ಬಜಾರಿನಲ್ಲಿ ತೂಗಿಸಿಕೊಂಡ ಬೆಣ್ಣೆ ಹನುಮಂತನಗರ ಮುಟ್ಟುವಾಗ ಅರ್ಧ ತುಪ್ಪ. ಡಿಸೆಂಬರಿನ ಚಳಿಗೆ ದೋಸೆ ಹಿಟ್ಟು ಹುದುಗು ಬರುತ್ತಿಲ್ಲ ಅಂತ ನಮ್ಮವಳು ಒಮ್ಮೆ ಪಾತ್ರೆಯನ್ನೂ ಡಿಕ್ಕಿಯನ್ನೂ ಸರದಿಯಂತೆ ನೋಡಿದಳು. ನಾನು ಹೆಲ್ಮೆಟ್ ಹಾಕಿಕೊಂಡು ಹೊರಟುಬಿಟ್ಟೆ.

ಒಂದು ದಿನ ಆ ಕಣಜ ನನ್ನ ಕೀಲಿಯನ್ನೇ ನುಂಗಿತು. ಶನಿವಾರ ಸಂಜೆ, ಗಾಂಧಿ ಬಜಾರ್, ಎರಡೂ ಕೈಯಲ್ಲಿ ಚೀಲ. ಬದನೆಕಾಯಿ ಇಟ್ಟೆ, ಮೆಂತ್ಯ ಸೊಪ್ಪು ಇಟ್ಟೆ, ಕೈ ತೆರವಾಗಲಿ ಅಂತ ಕೀ ಇಟ್ಟೆ, ಸೀಟು ಒತ್ತಿದೆ. ಟಕ್. ಆ ಟಕ್ ಕೇಳಿದ ಮೇಲೆ ಬುದ್ಧಿ ಬಂತು. ಹೂವಿನಂಗಡಿಯವರು “ಸೀಟಿನ ಹಿಂದ್ಗಡೆ ಎತ್ತಿ ಸ್ವಾಮಿ, ಸಂದು ಸಿಗತ್ತೆ” ಅಂದರು. ನಾವಿಬ್ಬರು ಎತ್ತಿ ಹಿಡಿದೆವು, ಅವರ ಮಗ ಸಣ್ಣ ಕೈಯನ್ನು ಮೊಣಕೈವರೆಗೆ ತೂರಿಸಿದ. ಮೊದಲು ರೇನ್‌ಕೋಟಿನ ತೋಳು ಬಂತು. ಆಮೇಲೆ ಮೆಂತ್ಯ, ಎಸಳೆಸಳಾಗಿ. ಕೀ ಬರಲಿಲ್ಲ. ಸುತ್ತ ಹದಿನೈದು ಜನ ಸೇರಿದರು, ಹದಿನಾರು ಸಲಹೆ ಬಂತು. ಕೊನೆಗೆ ಫೋನ್ ಮಾಡಿದೆ. ನಮ್ಮವಳು ಆಟೋದಲ್ಲಿ ಬಂದಳು, ಡೂಪ್ಲಿಕೇಟ್ ಕೀ ಹಾಕಿ ತಿರುಗಿಸಿದಳು. ಕೀ ಬದನೆಕಾಯಿಯ ಮೇಲೆ ಆರಾಮಾಗಿ ಕೂತಿತ್ತು. ಬೈಯಲಿಲ್ಲ. “ಆಟೋಗೆ ಎಂಬತ್ತು ರೂಪಾಯಿ ಕೊಡಿ” ಅಂದಳು. ಅಂದಿನಿಂದ ಡೂಪ್ಲಿಕೇಟ್ ಕೀ ಅವಳ ಬ್ಯಾಗಿನಲ್ಲೇ. ಅದರ ಪರಿಣಾಮ ಆಗ ನನಗೆ ಹೊಳೆಯಲಿಲ್ಲ.

ರಸ್ತೆ ಗುಂಡಿಯ ಬಗ್ಗೆ ಬರೆಯುವುದಿಲ್ಲ, ಬರೆದವರೆಲ್ಲ ಸುಸ್ತಾಗಿದ್ದಾರೆ. ಇಷ್ಟು ಮಾತ್ರ: ನನ್ನ ಗಾಡಿಯ ಚಕ್ರ 10 ಇಂಚಿನದು. ಬೈಕಿನ ದೊಡ್ಡ ಚಕ್ರ ಹಾರಿಕೊಂಡು ಹೋಗುವ ಗುಂಡಿಯೊಳಗೆ ಇದು ಇಳಿದು, ವಿಚಾರಿಸಿಕೊಂಡು, ಮೇಲೆ ಬರುತ್ತದೆ. ದಂಡದ ವಿಷಯಕ್ಕೆ ಬಂದರೆ, ಹೆಲ್ಮೆಟ್ ಇಲ್ಲದಿದ್ದರೆ 500 ರೂಪಾಯಿ. ಹಿಂದೆ ಕೂತವರಿಗೂ 2016ರಿಂದ ಹೆಲ್ಮೆಟ್ ಕಡ್ಡಾಯ. ಅಜ್ಜಿಯನ್ನು ಬಜಾರಿಗೆ ಬಿಡುವಾಗ “ಹೂವು ಬಾಡತ್ತೆ” ಎಂದು ಅವರು ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡರು, ಕ್ಯಾಮೆರಾ ನಮ್ಮಿಬ್ಬರನ್ನೂ ಚೆನ್ನಾಗಿ ತೆಗೆದಿತ್ತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಊರಿಗೆ ಊರೇ ಆಷಾಢದ ಸೀರೆ ಸೇಲಿಗೆ ಬಂದಂತೆ ಕ್ಯೂ ನಿಂತಿತ್ತು. ನಾನೂ ನಿಂತೆ. ನನ್ನ ಮುಂದಿದ್ದವರು ಉಳಿತಾಯ ಎಷ್ಟಾಯಿತು ಅಂತ ಹೆಮ್ಮೆಯಿಂದ ಹೇಳಿಕೊಂಡರು.

ಇನ್ನು ಸಾಲ. ಗಾಡಿಯನ್ನು ಸಾಲ ಕೇಳುವವರು ಎಂದೂ ಒಂದು ಗಂಟೆಗೆ ಕೇಳುವುದಿಲ್ಲ. “ಅಂಕಲ್, ಐದೇ ನಿಮಿಷ” ಎನ್ನುತ್ತಾನೆ ಮೇಲಿನ ಮನೆ ಹುಡುಗ. ಐದು ನಿಮಿಷ ಮೆಜೆಸ್ಟಿಕ್ಕಿಗೆ ಹೋಗಿ ಬರುತ್ತದೆ, ರಿಸರ್ವಿಗೆ ಬಂದು ನಿಲ್ಲುತ್ತದೆ. ಯಾರು ಓಡಿಸಿದರು ಅಂತ ಕೇಳಬೇಕಾಗಿಲ್ಲ, ಕನ್ನಡಿ ಹೇಳುತ್ತದೆ. ಬೆಳಿಗ್ಗೆ ಕೂತು ನೋಡಿದಾಗ ಕನ್ನಡಿಯಲ್ಲಿ ಬರೀ ಆಕಾಶ ಕಂಡರೆ ಮೇಲಿನ ಮನೆ ಹುಡುಗ. ನನ್ನ ಹೊಟ್ಟೆಯೇ ಕಂಡರೆ ನಮ್ಮವಳು.

2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾಯಿತು. ಆರ್.ವಿ. ರಸ್ತೆಯಲ್ಲಿ ಹತ್ತಿದರೆ ಸಿಲ್ಕ್ ಬೋರ್ಡನ್ನು ಮೇಲಿನಿಂದ ನೋಡುತ್ತಾ ಬೊಮ್ಮನಹಳ್ಳಿ. ಸಾಕಪ್ಪಾ ಈ ಎತ್ತಿನ ಬದುಕು ಅನ್ನಿಸಿ, ರಾತ್ರಿ ಊಟದ ಹೊತ್ತಿಗೆ “ಗಾಡಿ ಮಾರಿಬಿಡೋಣ” ಅಂದೆ.

“ಮಾರಿ. ಸ್ಟೇಷನ್‌ಗೆ ಹೇಗೆ ಹೋಗ್ತೀರಿ?”

ನಾನು ಅನ್ನ ಕಲಸಿಕೊಂಡೆ.

“ನಾನೇ ಬಿಟ್ಟು ಬರ್ತೀನಿ. ಹೇಗೂ ಗಾಡೀಲಿ ಹೋಗ್ತೀನಲ್ಲ, ಬರ್ತಾ ತರಕಾರಿನೂ ತರ್ತೀನಿ.”

ಈಗ ಬೆಳಿಗ್ಗೆ ಎಂಟೂಕಾಲಿಗೆ ಅವಳು ಮುಂದೆ, ನಾನು ಹಿಂದೆ, ಮಡಿಲಲ್ಲಿ ಖಾಲಿ ಚೀಲ. ಕಣಜಕ್ಕೆ ಇನ್ನೊಂದು ಮೂಟೆ ಏರಿದೆ. ಕನ್ನಡಿಯಲ್ಲಿ ಏನು ಕಾಣುತ್ತದೆ ಅನ್ನುವುದು ನನಗೆ ಗೊತ್ತಾಗುವುದೇ ಇಲ್ಲ. ಮೇಲಿನ ಮನೆ ಹುಡುಗ ಕೇಳಿ ಬಂದರೆ “ಪೆಟ್ರೋಲ್ ಹಾಕಿಸ್ಕೊಂಡು ಬಾ, ಆಮೇಲೆ ಮಾತು” ಎಂದು ಕಳಿಸುತ್ತಾಳೆ. ನನಗೆ ಹನ್ನೊಂದು ವರ್ಷದಲ್ಲಿ ಹೊಳೆಯದ ಮಾತು.

ಮೊನ್ನೆ ಸ್ಟೇಷನ್ ಹತ್ತಿರ ಅವಳ ಗೆಳತಿಯೊಬ್ಬರು ಸಿಕ್ಕರು. ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, “ಚೆನ್ನಾಗಿಟ್ಟಿದ್ದೀಯ ಕಣೇ. ಎಷ್ಟು ಕೊಡುತ್ತೆ?” ಎಂದು ಕೇಳಿದರು.

“ಐವತ್ತೈದಕ್ಕೆ ಮೋಸ ಇಲ್ಲ” ಅಂದಳು ನಮ್ಮವಳು.

ಕೊಡುವುದು 42.