ಒಂದೇ ಚೀಲ, ಮೂರು ಸಂಸಾರ

ಬೆಳಗಿನ ಬಿಎಂಟಿಸಿ ಬಸ್ಸಿನಲ್ಲಿ ಶಾಲೆಯ ಟೀಚರನ್ನು ಗುರುತಿಸಲು ಐಡಿ ಕಾರ್ಡ್ ನೋಡಬೇಕಿಲ್ಲ. ಹೆಗಲಲ್ಲಿ ವ್ಯಾನಿಟಿ ಬ್ಯಾಗು, ಒಂದು ಕೈಯಲ್ಲಿ ಊಟದ ವೈರ್ ಬುಟ್ಟಿ, ಇನ್ನೊಂದು ಕೈಯಲ್ಲಿ ಸೀರೆ ಅಂಗಡಿಯವರು ಕೊಟ್ಟ ಬಟ್ಟೆ ಚೀಲ, ಅದರೊಳಗೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು. ಡ್ರೈವರು ಬ್ರೇಕ್ ಹಾಕಿದಾಗ ಕಂಬಿ ಹಿಡಿಯಲು ಹಲ್ಲೊಂದೇ ಬಾಕಿ. ನಾನು ಈ ಕುಲಕ್ಕೆ ಸೇರಿದವಳು. ಸಾಲದ್ದಕ್ಕೆ, ಭಾನುವಾರ ಬಂತೆಂದರೆ ಸಹೋದ್ಯೋಗಿಗಳ ಜೊತೆ ಸಾವನದುರ್ಗ, ಮಾಕಳಿದುರ್ಗ ಎಂದು ಬೆಟ್ಟ ಹತ್ತುವ ಚಟ ಬೇರೆ. ಅದಕ್ಕೆ ಪ್ರತ್ಯೇಕ ಚೀಲ.

ಚೀಲಗಳು ಹೆಚ್ಚಾದ ಮನೆಯಲ್ಲಿ ಒಂದು ನಿಯಮವಿದೆ. ಬೇಕಾದ ವಸ್ತು ಯಾವಾಗಲೂ ಇನ್ನೊಂದು ಚೀಲದಲ್ಲಿರುತ್ತದೆ. ಕೆಂಪು ಪೆನ್ನು ಬೆಟ್ಟದ ಚೀಲದಲ್ಲಿ, ಟಾರ್ಚು ಶಾಲೆಯ ಚೀಲದಲ್ಲಿ, ಮನೆಯ ಬೀಗದ ಕೈ ವೈರ್ ಬುಟ್ಟಿಯ ತಳದಲ್ಲಿ, ಮೊಸರಿನ ಡಬ್ಬಿಯ ಅಡಿಯಲ್ಲಿ. ಹೀಗಾಗಿ ಶಾಲೆ, ಬಸ್ಸು, ಬೆಟ್ಟ ಮೂರಕ್ಕೂ ಒಂದೇ ಚೀಲ ತರುವುದೆಂದು ಒಂದು ಸಂಜೆ ಮನೆಯಲ್ಲಿ ಘೋಷಿಸಿದೆ.

"ಸೀರೆ ಉಟ್ಕೊಂಡು ಬೆನ್ನಿಗೆ ಚೀಲ ಹಾಕ್ಕೋತೀಯಾ?" ಎಂದರು ಅತ್ತೆ. "ಊಟ ತಂದ್ಕೊಡೋರು ಅನ್ಕೊಂಡು ವಾಚ್‌ಮನ್ ನಿನ್ನ ಲಿಫ್ಟಿಗೇ ಬಿಡಲ್ಲ ನೋಡು." ಯಜಮಾನರು ಆಗಲೇ ಲ್ಯಾಪ್‌ಟಾಪ್ ತೆರೆದು ಕೋಷ್ಟಕ ಹಾಕಲು ಶುರು ಮಾಡಿದ್ದರು. ಅವರು ಉಪ್ಪಿನ ಪ್ಯಾಕೆಟ್ಟನ್ನೂ ನಾಲ್ಕು ಕಂಪನಿಗಳನ್ನು ತಾಳೆ ನೋಡದೆ ತಂದವರಲ್ಲ. ಪಿಯುಸಿ ಓದುವ ಮಗಳು ಮಾತ್ರ ಒಂದೇ ಷರತ್ತು ಹಾಕಿದಳು. "ಕಲರ್ ನಾನು ಸೆಲೆಕ್ಟ್ ಮಾಡ್ತೀನಿ. ನೀನು ಮೆರೂನ್ ತರ್ತೀಯ."

ಅಂಗಡಿಯಲ್ಲಿ ಹುಡುಗ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಲೀಟರ್ ಬೇಕು ಮೇಡಂ?" ಹಾಲಿನ ಬೂತಿನಲ್ಲೂ ಯಾರೂ ನನ್ನನ್ನು ಇಷ್ಟು ಗಂಭೀರವಾಗಿ ಕೇಳಿರಲಿಲ್ಲ. ಚೀಲಕ್ಕೆ ನೀರು ತುಂಬಿಸಿ ಅಳೆಯಲು ಆಗುವುದಿಲ್ಲವಾದ್ದರಿಂದ ಪುಟ್ಟ ಪ್ಲಾಸ್ಟಿಕ್ ಗೋಲಿಗಳನ್ನು ಸುರಿದು, ಎಷ್ಟು ಹಿಡಿಯಿತೆಂದು ಲೆಕ್ಕ ಹಾಕುವ ಪದ್ಧತಿಯಿದೆ ಎಂದು ಯಜಮಾನರು ಅಲ್ಲೇ ಪಾಠ ಮಾಡಿದರು. ನಮ್ಮಜ್ಜಿ ಸೇರಿನಲ್ಲಿ ರಾಗಿ ಅಳೆಯುವಾಗ ಕೊನೆಗೆ ಒಂದಿಷ್ಟು ಶಿಖರ ಏರಿಸಿ ಸುರಿಯುತ್ತಿದ್ದರು. ಚೀಲದ ಕಂಪನಿಗಳಿಗೂ ಆ ಔದಾರ್ಯ ಇದ್ದಂತಿದೆ. ಕೆಲವರು ಹೊರಗಿನ ಬಾಟಲಿ ಜೇಬನ್ನೂ ಸೇರಿಸಿ ಲೀಟರ್ ಹೇಳುತ್ತಾರೆ, ಕೆಲವರು ಒಳಗಿನದನ್ನಷ್ಟೇ. ಅದಕ್ಕೇ ಒಂದೇ ಇಪ್ಪತ್ತೈದು ಲೀಟರಿನ ಎರಡು ಚೀಲಗಳು ಅಕ್ಕಪಕ್ಕ ನಿಂತಾಗ ಒಂದು ಇನ್ನೊಂದರ ತಾಯಿ ಅನ್ನಿಸುವುದು.

ಒಂದು ಹಗಲಿನ ಬೆಟ್ಟಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಲೀಟರ್ ಧಾರಾಳ. ಎರಡು ಲೀಟರ್ ನೀರು, ಬುತ್ತಿ, ಮಳೆ ಅಂಗಿ, ಟಾರ್ಚು, ಔಷಧಿಯ ಪುಟ್ಟ ಪೊಟ್ಟಣ ಎಲ್ಲವೂ ಹಿಡಿಯುತ್ತದೆ. ಶಾಲೆಗೂ ಅಷ್ಟೇ ಸಾಕು. ಆದರೆ ಅಂಗಡಿಯ ಹುಡುಗ, "ನೂರೈವತ್ತು ರೂಪಾಯಿ ಹೆಚ್ಚು ಕೊಟ್ರೆ ಮೂವತ್ತೈದು ಲೀಟರಿಂದೇ ಬರುತ್ತೆ ಮೇಡಂ, ಇರಲಿ ಅಂತ" ಎಂದ. ಈ "ಇರಲಿ ಅಂತ" ಎಂಬ ಎರಡು ಮಾತಿನಿಂದ ನಮ್ಮ ಅಟ್ಟಗಳು ತುಂಬಿವೆ, ಫ್ರಿಜ್ಜುಗಳು ತುಂಬಿವೆ. ಬೆನ್ನನ್ನೂ ಅದಕ್ಕೆ ಒಪ್ಪಿಸಬೇಕೆ?

ಸಂಸಾರಸ್ಥರಿಗೆ ಇದು ಅನುಭವದ ಮಾತು. ಚೀಲದಲ್ಲಿ ಖಾಲಿ ಜಾಗವಿದೆಯೆಂದು ಊರಿಗೆ ಗೊತ್ತಾದರೆ ಮುಗಿಯಿತು. "ಹೇಗೂ ಜಾಗ ಇದೆಯಲ್ಲ, ಬರ್ತಾ ಎರಡು ತೆಂಗಿನಕಾಯಿ ತಗೊಂಡ್ಬಾ" ಎನ್ನುತ್ತಾರೆ ಅತ್ತೆ. "ಹೇಗೂ ಜಾಗ ಇದೆಯಲ್ಲ, ಈ ಚಾರ್ಜರ್ ಹಾಕ್ಕೊಂಡಿರು" ಎನ್ನುತ್ತಾರೆ ಯಜಮಾನರು. ಬೆಟ್ಟದ ಬುಡದಲ್ಲಿ ಗೆಳತಿಯರು ತಮ್ಮ ಸ್ವೆಟರ್ ಬಿಚ್ಚಿ, ಮಡಚುವ ಕಷ್ಟವನ್ನೂ ತೆಗೆದುಕೊಳ್ಳದೆ, ನಮ್ಮ ಚೀಲದ ಬಾಯಿಗೆ ತುರುಕುತ್ತಾರೆ. ಹತ್ತಿದ ಮೇಲೆ ಒಂದು ಹನಿ ನೀರು ಕೇಳುವುದಕ್ಕೂ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಹೊರುವವರು ಯಾರೆಂದು ತೀರ್ಮಾನಿಸುವುದು ಬೆನ್ನಿನ ಬಲವಲ್ಲ, ಚೀಲದ ಲೀಟರು. ಆದ್ದರಿಂದ ನಾನು ಇಪ್ಪತ್ತೆರಡಕ್ಕಿಂತ ಒಂದು ಲೀಟರೂ ಮೇಲೆ ಹೋಗುವುದಿಲ್ಲವೆಂದು ಪಟ್ಟು ಹಿಡಿದೆ.

ಆಮೇಲೆ ಡೀನಿಯರ್ ಬಂತು. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. 600 ಡೀನಿಯರ್ ಎಂದರೆ ಒಂಬತ್ತು ಕಿಲೋಮೀಟರ್ ಎಳೆ 600 ಗ್ರಾಂ. ಅಂಕಿ ದೊಡ್ಡದಾದಷ್ಟೂ ದಾರ ದಪ್ಪ, ಚೀಲ ಭಾರ. ಬಂಡೆಗೆ ಬೆನ್ನು ಉಜ್ಜಿ ಇಳಿಯುವವರಿಗೆ ದಪ್ಪ ಬೇಕು, ದಿನವೂ ಹೊರುವವರಿಗೆ ಹಗುರ ಬೇಕು. ತಳಕ್ಕೆ ದಪ್ಪ ಬಟ್ಟೆ, ಮೈಗೆ ತೆಳು ಬಟ್ಟೆ ಇರುವುದು ರಾಜಿ ಸೂತ್ರ. "ವಾಟರ್‌ಪ್ರೂಫ್ ಮೇಡಂ" ಎಂದು ಹುಡುಗ ಅಂಗೈಯಲ್ಲಿ ನೀರು ತಂದು ಚೀಲದ ಮೇಲೆ ಚಿಮುಕಿಸಿ ತೋರಿಸಿದ. ಹನಿಗಳು ಮುತ್ತಾಗಿ ಉರುಳಿದವು. ನಾನು ಹೊಲಿಗೆ ತೋರಿಸಿದೆ, ಜಿಪ್ ತೋರಿಸಿದೆ. ಮಳೆ ಬಟ್ಟೆಯ ಮೂಲಕ ಬರುವುದಿಲ್ಲ, ಸೂಜಿ ಮಾಡಿದ ತೂತಿನಿಂದಲೂ ಜಿಪ್ಪಿನ ಹಲ್ಲಿನ ಸಂದಿಯಿಂದಲೂ ಬರುತ್ತದೆ. ಮೇಲೆ ತೊಡಿಸುವ ಮಳೆಗವಸು, ಒಳಗೊಂದು ದಪ್ಪ ಪ್ಲಾಸ್ಟಿಕ್ ಕವರು, ಇವೆರಡಿದ್ದರೆ ಉತ್ತರಪತ್ರಿಕೆಗಳಲ್ಲಿ ವಿದ್ಯಾರ್ಥಿಗಳು ಬರೆದಿದ್ದು ಉಳಿಯುತ್ತದೆ. ಕೆಲವು ಉತ್ತರಗಳ ಮಟ್ಟಿಗೆ ಇದೊಂದು ನಷ್ಟವೇ.

ಜಿಪ್ ಎಳೆಯುವ ತುದಿಯಲ್ಲಿ ವೈಕೆಕೆ ಎಂಬ ಮೂರು ಅಕ್ಷರ ಇದೆಯೇ ಎಂದು ಯಜಮಾನರು ಕನ್ನಡಕ ಏರಿಸಿ ನೋಡಿದರು. 1934ರಲ್ಲಿ ಶುರುವಾದ ಜಪಾನಿನ ಕಂಪನಿ ಅದು. ನಾನು ನೋಡಿದ್ದು ಬೇರೆ. ಪಟ್ಟಿ ಚೀಲಕ್ಕೆ ಸೇರುವ ಕಡೆ ಹೊಲಿಗೆ ಒಂದೇ ಸಾಲೋ, ಮೇಲಿಂದ ಮೇಲೆ ಒತ್ತೊತ್ತಾಗಿ ಹಾಕಿದ್ದೋ? ಚೀಲ ಸಾಯುವುದು ಸಾಮಾನ್ಯವಾಗಿ ಅಲ್ಲೇ. ಆಮೇಲೆ ಬಾಟಲಿ ಜೇಬು. ಅದಕ್ಕೆ ನನ್ನದೊಂದು ಪರೀಕ್ಷೆಯಿದೆ. ಬಾಟಲಿ ಸಿಕ್ಕಿಸಿಕೊಂಡು, ಚಪ್ಪಲಿಯ ಪಟ್ಟಿ ಸರಿಮಾಡುವವಳ ಥರ ಬಗ್ಗುವುದು. ಅಂಗಡಿಯ ನಡುವೆ ಬಗ್ಗಿದೆ. ಮೊದಲ ಚೀಲದ ಬಾಟಲಿ ನನ್ನ ಕಿವಿಯ ಪಕ್ಕದಿಂದ ಹಾರಿ ಗಲ್ಲಾಪೆಟ್ಟಿಗೆಯ ಕೆಳಗೆ ಸೇರಿತು. ಆ ಚೀಲ ಫೇಲು.

ಇನ್ನು ಸೀರೆ. ಈ ವಿಷಯಕ್ಕೆ ಬೆನ್ನುಚೀಲ ಮಾಡುವ ಯಾವ ದೇಶದವರೂ ತಲೆ ಕೆಡಿಸಿಕೊಂಡಿಲ್ಲ. ಪಟ್ಟಿ ಕೂರುವ ಜಾಗದಲ್ಲೇ ಸೆರಗಿನ ಪಿನ್ನು ಇರುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿ, ಬೆಳಿಗ್ಗೆ ಕನ್ನಡಿಯ ಮುಂದೆ ಬೆರಳಲ್ಲಿ ಎಣಿಸಿ ಕೂರಿಸಿದ ನೆರಿಗೆ ಮೆಟ್ರೋ ನಿಲ್ದಾಣ ಮುಟ್ಟುವಷ್ಟರಲ್ಲಿ ಚಪ್ಪಟೆ. ಪಿನ್ನನ್ನು ಬೆರಳೆರಡರಷ್ಟು ಹಿಂದಕ್ಕೆ ಸರಿಸಿ, ಅಗಲವಾದ ಮೆತ್ತನೆಯ ಪಟ್ಟಿಯ ಚೀಲ ಆರಿಸಿದರೆ ಅರ್ಧ ಸಮಸ್ಯೆ ಪರಿಹಾರ. ಸೊಂಟದ ಪಟ್ಟಿಯದು ಇನ್ನೊಂದು ಕಥೆ. ದೊಡ್ಡ ಚೀಲದಲ್ಲಿ ಅದು ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುತ್ತದೆ. ಇಪ್ಪತ್ತು ಚಿಲ್ಲರೆ ಲೀಟರಿನ ಚೀಲದಲ್ಲಿ ಅದಕ್ಕೆ ಅಷ್ಟು ಕೆಲಸವಿಲ್ಲ, ಇಳಿಜಾರಿನಲ್ಲಿ ಚೀಲ ಅತ್ತಿತ್ತ ಓಲಾಡದಂತೆ ಹಿಡಿದುಕೊಂಡರೆ ಸಾಕು. ಸೋಮವಾರ ಬಿಚ್ಚಿಡಲು ಬರುವಂಥದ್ದಾದರೆ ಸೀರೆಯ ನೆರಿಗೆಗೂ ಕ್ಷೇಮ.

ಲ್ಯಾಪ್‌ಟಾಪಿಗೆಂದು ಬೆನ್ನಿನ ಕಡೆ ಹೊಲಿದ ಮೆತ್ತನೆ ಜೇಬಿದೆಯಲ್ಲ, ಅದು ಉತ್ತರಪತ್ರಿಕೆಗಳಿಗೆ ಹೇಳಿ ಮಾಡಿಸಿದ ಜಾಗ. ಒಳ್ಳೆಯ ಚೀಲದಲ್ಲಿ ಆ ಜೇಬು ತಳ ಮುಟ್ಟುವುದಿಲ್ಲ, ಒಂದಿಂಚು ಮೇಲೆ ತೂಗುತ್ತದೆ. ದೊಪ್ಪೆಂದು ಇಟ್ಟರೂ ಒಳಗಿದ್ದದ್ದಕ್ಕೆ ಪೆಟ್ಟಿಲ್ಲ. ಭಾರದ ವಸ್ತು ಬೆನ್ನಿಗೆ ಅಂಟಿಕೊಂಡಿರಬೇಕೆನ್ನುವುದು ಬೆಟ್ಟದವರ ನಿಯಮ. ಹೊರಗಿನ ಜೇಬಿಗೆ ಭಾರ ಹಾಕಿದರೆ ಚೀಲ ಹಿಂದಕ್ಕೆ ಎಳೆಯುತ್ತದೆ, ಮನುಷ್ಯ ಮುಂದಕ್ಕೆ ಬಾಗುತ್ತಾನೆ. ನಮ್ಮ ಹತ್ತನೇ ತರಗತಿಯ ಹುಡುಗರು ಗೇಟಿನಲ್ಲಿ ಬರುವುದೇ ಈ ಭಂಗಿಯಲ್ಲಿ.

ಮಕ್ಕಳ ಈ ಭಂಗಿಯ ಬಗ್ಗೆ ರಾಜ್ಯಸಭೆಯಲ್ಲಿ ಮಾತಾಡಿದವರು ಮೈಸೂರಿನಲ್ಲಿ ಮನೆ ಮಾಡಿದ್ದ ಆರ್.ಕೆ. ನಾರಾಯಣ್. ಆಮೇಲೆ ಯಶಪಾಲ್ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ವರದಿ ಕೊಟ್ಟಿತು. ನಮ್ಮ ರಾಜ್ಯ ಸರ್ಕಾರ 2019ರಲ್ಲಿ ತೂಕವನ್ನೇ ಗೊತ್ತುಮಾಡಿತು. ಒಂದು, ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕೆಜಿ, ಒಂಬತ್ತು, ಹತ್ತಕ್ಕೆ ನಾಲ್ಕರಿಂದ ಐದು. ಮರುವರ್ಷ ಕೇಂದ್ರದ ನೀತಿ ಬಂದು, ಮಗುವಿನ ತೂಕದ ಶೇಕಡಾ 10ಕ್ಕಿಂತ ಚೀಲ ಭಾರ ಇರಬಾರದೆಂದಿತು. ನಮ್ಮ ಶಾಲೆಯಲ್ಲೂ ತೂಕದ ಯಂತ್ರ ತಂದಿಟ್ಟು ಮಕ್ಕಳ ಚೀಲ ತೂಗಿಸಿದ್ದೇವೆ. ತೂಗಿ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ, "ಮಿಸ್, ನಿಮ್ದು?" ಇಟ್ಟೆ. ಮುಳ್ಳು ಆರರ ಗೆರೆ ದಾಟಿ ನಿಂತಿತು. "ಮಿಸ್, ನೀವು ಯಾವ ಕ್ಲಾಸು?" ಎಂದ. ಶಿಕ್ಷಕರ ಚೀಲಕ್ಕೆ ಸುತ್ತೋಲೆಯಿಲ್ಲ ಎಂದು ಗದರಿಸಿ ಕೂರಿಸಿದೆ.

ಬಸ್ಸಿನಲ್ಲಂತೂ ತೂಕದ ಯಂತ್ರವೇ ಬೇಡ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ಟಿನ ದುಡ್ಡು ಉಳಿಯಿತು, ನಿಲ್ಲುವ ಜಾಗ ಉಳಿಯಲಿಲ್ಲ. ಬೆನ್ನಿನ ಚೀಲ ಎದೆಗೆ ಬಂದರೇ ಮರ್ಯಾದೆ. ಆದರೆ ಲೇಡೀಸ್ ಸೀಟಿನಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಕೂತವರು ನಿಂತವರ ಚೀಲ ಕೇಳಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. "ಕೊಡಿ, ಹಿಡ್ಕೋತೀನಿ" ಎಂದು ಕೈ ಚಾಚಿದವರು ಭಾರ ಬಿದ್ದ ಕೂಡಲೇ, "ಏನಮ್ಮಾ, ರುಬ್ಬೋ ಕಲ್ಲು ತಗೊಂಡು ಹೋಗ್ತಿದ್ದೀರಾ?" ಎನ್ನುವುದೂ ಸಂಪ್ರದಾಯದ ಭಾಗ.

ಹೊಸ ಚೀಲವನ್ನು ಮೊದಲು ಹೊತ್ತ ವಾರ ಹೀಗೊಬ್ಬ ತಾಯಿಯ ಮಡಿಲಿಗೆ ಕೊಟ್ಟೆ. ಪಕ್ಕದಲ್ಲಿ ಅವರ ಪುಟ್ಟ ಮಗ. ಬೆಟ್ಟದ ಚೀಲಗಳ ಎದೆಪಟ್ಟಿಯ ಬಕಲ್ಲಿನಲ್ಲಿ ಒಂದು ಪುಟಾಣಿ ವಿಶಲ್ ಇರುತ್ತದೆ, ದಾರಿ ತಪ್ಪಿದವರು ಊದಲಿ ಎಂದು. ದೊಡ್ಡವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹುಡುಗನಿಗೆ ಅರ್ಧ ಸ್ಟಾಪಿನಲ್ಲೇ ಸಿಕ್ಕಿತು. ಪೀ ಎಂದು ಒಂದು ಊದಿದ. ಡ್ರೈವರು ನಡುರಸ್ತೆಯಲ್ಲಿ ಬಸ್ ನಿಲ್ಲಿಸಿದರು. "ಯಾರ್ರೀ ಇಳಿಯೋರು?" ಎಂದು ಕಂಡಕ್ಟರು ಹಿಂದಿನಿಂದ ಕೂಗಿದರು. ಯಾರೂ ಇಳಿಯಲಿಲ್ಲ. ಹುಡುಗ ಖುಷಿಯಾಗಿ ಎರಡು ಊದಿದ. ಬಸ್ ಹೊರಟಿತು. ಸರ್ಕಾರಿ ಸಿಬ್ಬಂದಿ ಇಷ್ಟು ವಿಧೇಯರಾಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೂರನೇ ಸಲಕ್ಕೆ ಕಂಡಕ್ಟರು ಜನರನ್ನು ಸೀಳಿಕೊಂಡು ಬಂದು, ಹುಡುಗನನ್ನೂ ವಿಶಲ್ಲನ್ನೂ ನೋಡಿ, "ನಂಗಿಂತ ಚೆನ್ನಾಗಿ ಹೊಡೀತಾನಲ್ರೀ" ಎಂದು ನಕ್ಕು ಹೋದರು.

ಮೆಟ್ರೋದಲ್ಲಿ ಬಣ್ಣದ ಮಹಿಮೆ ಗೊತ್ತಾಗುತ್ತದೆ. ಎಕ್ಸ್‌ರೇ ಯಂತ್ರದ ಆ ಬಾಯಿಂದ ಸಾಲಾಗಿ ಹೊರಬರುವ ಚೀಲಗಳೆಲ್ಲ ಕಪ್ಪು. ಐಟಿ ಕಂಪನಿಯ ಹುಡುಗರು ಒಂದನ್ನು ಎತ್ತಿ, ಇಟ್ಟು, ಇನ್ನೊಂದನ್ನು ಎತ್ತಿ, ಜಿಪ್ ತೆಗೆದು ಯಾರದೋ ಪಲ್ಯದ ವಾಸನೆ ನೋಡಿ ಮತ್ತೆ ಇಡುತ್ತಾರೆ. ಮಗಳು ಆರಿಸಿದ ಸಾಸಿವೆ ಹಳದಿ ದೂರದಿಂದಲೇ ಕೂಗಿ ಕರೆಯುತ್ತದೆ. ಬೆಟ್ಟದ ಕುರುಚಲಿನಲ್ಲಿಯೂ ಹಿಂದೆ ಬರುವವರಿಗೆ ಮುಂದಿನವರ ಹಳದಿ ಬೆನ್ನು ಕಾಣುವುದು ಎಷ್ಟೋ ಧೈರ್ಯ.

ಶಿವಗಂಗೆಯಲ್ಲಿ ಮಾತ್ರ ಆ ಬಣ್ಣ ಬೇಡದವರನ್ನೂ ಕರೆಯಿತು. ಅಲ್ಲಿನ ಕೋತಿಗಳಿಗೆ ಡೀನಿಯರ್ ಗೊತ್ತಿಲ್ಲ, ಜಿಪ್ ಚೆನ್ನಾಗಿ ಗೊತ್ತು. ಒಂದು ಗಡವ ಮೆಟ್ಟಿಲ ಮೇಲಿಟ್ಟ ಚೀಲದ ಹತ್ತಿರ ಬಂದು, ಅವಸರವಿಲ್ಲದೆ ಮುಂದಿನ ಜೇಬಿನ ಜಿಪ್ ಎಳೆದು, ಒಳಗೆ ಕೈಯಾಡಿಸಿ ನನ್ನ ಕೆಂಪು ಪೆನ್ನು ತೆಗೆಯಿತು. ಕಚ್ಚಿತು. ತುಟಿಯೆಲ್ಲ ಕೆಂಪಾಯಿತು. ಬೆರಳಲ್ಲಿ ಒರೆಸಿ ನೋಡಿಕೊಂಡು, ಪೆನ್ನನ್ನು ಪ್ರಪಾತಕ್ಕೆ ಎಸೆಯಿತು. ಮೌಲ್ಯಮಾಪನದ ಬಗ್ಗೆ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ಮಾಡಬೇಕೆಂದುಕೊಂಡ ಕೆಲಸ ಅದು. ತಿನ್ನುವುದೆಲ್ಲ ನಡುಖಾನೆಯಲ್ಲಿ, ಬೆನ್ನಿನ ಕಡೆಗೆ ಇಡಿ ಎಂದು ಬೆಟ್ಟದವರು ಹೇಳುವುದು ಇದಕ್ಕೇ. ಬುತ್ತಿಯ ಪುಳಿಯೋಗರೆ ಉಳಿಯಿತು.

ಹೀಗೆ ಒಂದೇ ಚೀಲ ಮೂರು ಸಂಸಾರ ತೂಗಿಸಿಕೊಂಡು ಹೋಗುತ್ತಿರುವುದನ್ನು ಎಲ್ಲರಿಗಿಂತ ಗಮನವಿಟ್ಟು ನೋಡಿದವರು ನಮ್ಮ ಹೆಡ್‌ಮಾಸ್ಟರು. "ಏನ್ ಮೇಡಂ, ಹಿಮಾಲಯಕ್ಕಾ?" ಎಂದು ದಿನವೂ ಕೇಳುತ್ತಿದ್ದವರು ಒಂದು ಸೋಮವಾರ ತಾವೇ ಬೆನ್ನುಚೀಲ ಹೊತ್ತು ಬಂದರು. "ನಿಮ್ದು ಚಿಕ್ಕದಾಯ್ತು. ನಾನು ನಲವತ್ತೈದು ಲೀಟರಿಂದು ತಗೊಂಡೆ" ಎಂದು ತಿರುಗಿ ತೋರಿಸಿದರು. ಸಿಬ್ಬಂದಿ ಕೊಠಡಿ ಎದ್ದು ನಿಂತು ಮೆಚ್ಚಿತು. ಗಣಿತದ ಮೇಷ್ಟ್ರು ಬಿಇಒ ಕಚೇರಿಗೆ ಮುಟ್ಟಿಸಬೇಕಿದ್ದ ಫೈಲುಗಳನ್ನು ತಂದರು. ಪಿಟಿ ಮೇಷ್ಟ್ರು ಗಾಳಿ ಹೋದ ಎರಡು ಫುಟ್‌ಬಾಲು ತಂದರು, ಸಾರ್ ಮನೆ ದಾರಿಯಲ್ಲೇ ರಿಪೇರಿ ಅಂಗಡಿ. ಹಿಂದಿ ಮಿಸ್ ಒಂದು ಕುಂಬಳಕಾಯಿ ತಂದು, ತಮ್ಮ ಮನೆ ಸಾರ್ ಅವರ ಮನೆಯ ಹಿಂದಿನ ರಸ್ತೆಯಲ್ಲೇ ಎಂದು ನೆನಪಿಸಿದರು. ನಾನೂ ಹಿಂದೆ ಬೀಳಲಿಲ್ಲ. ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹೋಗಿ ವಿನಯದಿಂದ ನಿಂತೆ. "ಸಾರ್, ಹೇಗೂ ಜಾಗ ಇದೆಯಲ್ಲ."