ಮೂರು ಚೌಕದ ನಾವಿಕ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿಗೆ ಕಡಲಿಲ್ಲ, ಹಡಗಿಲ್ಲ. ವರ್ಷಪೂರ್ತಿ ಹರಿಯುವ ಹೊಳೆ ಅಂತೂ ಕೋಲಾರ ಜಿಲ್ಲೆಗೇ ಇಲ್ಲ. ಆದರೆ ಪದಬಂಧದ ಯಜಮಾನರು ಇಂಥ ಊರಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಟೀ ಅಂಗಡಿಗೆ ಬಂದ ಪತ್ರಿಕೆಯಲ್ಲಿ ಮಾವಿನ ರೇಟು, ಟೊಮೆಟೊ ರೇಟು ಉಳಿದವರ ಪಾಲು. ಪದಬಂಧದ ಪುಟ ಇವರದು, ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ‘ಹಡಗು ನಡೆಸುವವ (3)’ ಎಂಬ ಸುಳಿವು ಕಂಡಿತೆಂದರೆ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ಟೀ ಆರುತ್ತದೆ. ಕೆರೆ ಕೋಡಿ ಬಿದ್ದರೆ ಅದನ್ನೇ ಜಾತ್ರೆಯ ಹಾಗೆ ನೋಡಲು ಹೋಗುವ ಸೀಮೆಯವರಿಗೆ ಹಡಗಿನವನ ಗೊಡವೆ ಯಾಕೆ ಎಂದು ಪಕ್ಕದ ಬೆಂಚಿನವರು ನಗುವುದುಂಟು. ನಗಬಾರದು. ಪದಬಂಧದ ನಾವಿಕನನ್ನು ಹಿಡಿಯಲು ಕಡಲು ಕಂಡಿರಬೇಕಿಲ್ಲ. ಕಂಡವನೇ ಎಡವುವ ಸಂಭವ ಹೆಚ್ಚು.

ಇದೇ ಸುಳಿವು ಮಲ್ಪೆಯವನ ಕೈಗೆ ಸಿಕ್ಕಿದರೆ ‘ತಾಂಡೇಲ’ ಎಂದು ಪೆನ್ನಿನಲ್ಲೇ ಬರೆದಾನು. ಬೋಟು ನಡೆಸುವವನನ್ನು ದಿನಾ ಹಾಗೆ ಕರೆಯುವವನು ಅವನು; ಲೆಕ್ಕಕ್ಕೂ ಅದು ಮೂರೇ ಚೌಕ. ಯಜಮಾನರದು ಪೆನ್ಸಿಲ್. ತಾಂಡೇಲ, ಅಂಬಿಗ, ಖಲಾಸಿ, ನಾವಿಕ ನಾಲ್ವರಿಗೂ ಮೂರೇ ಚೌಕ ಸಾಕು ಎಂಬುದು ಇವರಿಗೆ ಗೊತ್ತು. ಹಾಗಾಗಿ ನಡುವಿನ ಚೌಕಕ್ಕೆ ಮೇಲಿನಿಂದ ಏನು ಇಳಿಯುತ್ತಿದೆ ಎಂದು ಕಾಯುತ್ತಾರೆ. ಕಿವಿ, ಸವಿ, ರವಿ, ಕವಿತೆ ಎಂದು ‘ವಿ’ಗೆ ಕನ್ನಡದಲ್ಲಿ ನೆಂಟರು ಬೇಕಾದಷ್ಟು, ‘ಡೇ’ಗೆ ಹುಡುಕಿಕೊಂಡು ಹೋಗಬೇಕು. ಪದಬಂಧ ಹೆಣೆಯುವವನೂ ಹೊಟ್ಟೆಪಾಡಿನ ಮನುಷ್ಯ, ಸಲೀಸಾದದ್ದನ್ನೇ ಆರಿಸುತ್ತಾನೆ. ಇಸ್ರೊದ ದಿಕ್ಕು ತೋರುವ ಉಪಗ್ರಹ ವ್ಯವಸ್ಥೆಗೆ 2016ರಲ್ಲಿ ‘ನಾವಿಕ್’ ಎಂದು ಹೆಸರಿಟ್ಟರಲ್ಲ, ಅದಕ್ಕೂ ಮೂರು ಚೌಕವೇ. ಯಜಮಾನರು ಅದನ್ನು ಒಪ್ಪುವುದಿಲ್ಲ: ಕೊನೆಯ ‘ಕ್’ನಿಂದ ಕೆಳಗೆ ಯಾವ ಪದ ಇಳಿದೀತು?

ಮನೆಯಲ್ಲಿ ತೆಲುಗು ಆಡುವ ಗಡಿಸೀಮೆಯವರಿಗೆ ಕನ್ನಡ ಪದಬಂಧದ ಹಿಡಿತ ಎಲ್ಲಿಂದ ಬರಬೇಕು ಎನ್ನುವವರಿದ್ದಾರೆ. ಅಲ್ಲಿಂದಲೇ ಬರುತ್ತದೆ. ತೆಲುಗಿನ ‘ನಾವಿಕುಡು’ಗೆ ನಾಲ್ಕು ಚೌಕ ಬೇಕು, ಒಂದನ್ನು ಕತ್ತರಿಸಿ ಕೂರಿಸುವ ಅಭ್ಯಾಸ ಇವರಿಗೆ ಬಾಲ್ಯದ್ದು. ಇದೆಲ್ಲ ಬರೀ ಬಾಯಿಪಾಠ ಎಂಬ ಆಕ್ಷೇಪವೂ ನಿಲ್ಲದು. ‘ಹಿಂದುಮುಂದಾದ ನಾವಿಕ’ ಎಂದು ಸುಳಿವು ಕೊಟ್ಟು ನೋಡಿ: ‘ಕವಿನಾ’ ಎಂದು ಬರೆದು, ಅದನ್ನು ‘ಕವಿ ನಾ’ ಎಂದು ಬಿಡಿಸಿ ಓದಿ, 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರನ್ನೂ 1891ರಲ್ಲಿ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿಯವರನ್ನೂ ಸಾಕ್ಷಿಗೆ ಕರೆಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ನಾವಿಕರು ತಿರುಗಿಸಿಯೇ ಹುಟ್ಟುತ್ತಾರೆ ಎಂಬುದು ಇವರ ಸಿದ್ಧಾಂತ. ಒಂದೇ ಒಂದು ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಮಾರನೆಯ ದಿನ ಪತ್ರಿಕೆ ಬೇರೆ ಉತ್ತರ ಅಚ್ಚುಹಾಕಿದರೆ ಯಜಮಾನರು ರಬ್ಬರ್ ಹುಡುಕುವುದಿಲ್ಲ. ಅಚ್ಚಾದ ಉತ್ತರವನ್ನೇ ಪೆನ್ಸಿಲ್‌ನಲ್ಲಿ ತಿದ್ದುತ್ತಾರೆ.