ಆಡಿನ ಆಡು: ಆಂಗ್ಲ ನಾಟ್ಯಪದ ಮೀಮಾಂಸೆ

ಇಂಗ್ಲಿಷಿನ ನಾಟಕಪದಗಳು ಗ್ರೀಸಿನಿಂದ ಬಂದವು ಎಂಬುದು ಪೂರ್ವಪಕ್ಷ. ಗ್ರೀಸಿಗೆ ಎಲ್ಲಿಂದ ಬಂದವು ಎಂದು ಕೇಳುವ ಎದೆಗಾರಿಕೆ ನಿಘಂಟುಕಾರರಿಗೆ ಇರಲಿಲ್ಲ. ನಮಗಿದೆ.

'ಡ್ರಾಮಾ' ಹುಟ್ಟಿದ್ದು ಗ್ರೀಕಿನ 'ದ್ರಾನ್' ಎಂಬ ಧಾತುವಿನಿಂದ, ಹಾಗೆಂದರೆ ಮಾಡು. ಆದ್ದರಿಂದ 'ಸಾಕು, ಡ್ರಾಮಾ ಮಾಡಬೇಡ' ಎಂದು ಮನೆಮನೆಯಲ್ಲೂ ಕೇಳಿಬರುವ ವಾಕ್ಯದಲ್ಲಿ ಪುನರುಕ್ತಿದೋಷವಿದೆ. ಬೈಸಿಕೊಂಡವರು ಇದನ್ನು ಆ ಕ್ಷಣವೇ ಬೈದವರ ಗಮನಕ್ಕೆ ತರಬಹುದು. ಪರಿಣಾಮಕ್ಕೆ ಮೀಮಾಂಸಕರು ಹೊಣೆಯಲ್ಲ. ಈ ಧಾತು ತಮ್ಮ ಸೀಮೆಯದು, ಅಥೆನ್ಸಿನವರು 'ಮಾಡು' ಎನ್ನಲು ಬೇರೆ ಪದ ಬಳಸುತ್ತಾರೆ, ಹಾಗಾಗಿ ನಾಟಕವೇ ತಮ್ಮದು ಎಂದು ಡೋರಿಯನ್ನರು ಹಕ್ಕು ಸಾಧಿಸುತ್ತಿದ್ದುದನ್ನು ಅರಿಸ್ಟಾಟಲ್ ತನ್ನ 'ಪೊಯೆಟಿಕ್ಸ್'ನಲ್ಲಿ ಬರೆದಿಟ್ಟಿದ್ದಾನೆ. ಒಂದು ಕ್ರಿಯಾಪದ ತೋರಿಸಿ ಇಡೀ ಕಲೆಗೆ ಖಾತೆ ಮಾಡಿಸಿಕೊಳ್ಳುವ ಈ ವಿಧಾನ ನಮಗೆ ಬಹಳ ಹಿಡಿಸಿತು. ಮುಂದೆಲ್ಲ ಅದನ್ನೇ ಅನುಸರಿಸಿದ್ದೇವೆ.

ಇನ್ನು 'ಟ್ರ್ಯಾಜಿಡಿ'. 'ತ್ರಾಗೋಸ್' ಎಂದರೆ ಹೋತ, 'ಓದೆ' ಎಂದರೆ ಹಾಡು. ದುರಂತ ನಾಟಕದಲ್ಲಿ ಹೋತಕ್ಕೇನು ಕೆಲಸ? ಗೆದ್ದ ಕವಿಗೆ ಅದು ಬಹುಮಾನ ಎಂದು ಒಂದು ಪಂಥ. ಡಯೊನೈಸಸ್ ದೇವರಿಗೆ ಬಲಿ ಎಂದು ಇನ್ನೊಂದು. ಮೇಳದವರೇ ಆಡಿನ ವೇಷ ಹಾಕುತ್ತಿದ್ದರು ಎಂದು ಮತ್ತೊಂದು. ಯಾವ ಪಂಥ ಗೆದ್ದರೂ ಹೋತಕ್ಕೆ ಲಾಭವಿಲ್ಲ. ದುರಂತದ ಲಕ್ಷಣ ಇದಕ್ಕಿಂತ ಸ್ಪಷ್ಟವಾಗಿ ಬೇಕೆ?

ಈಗ ಸಿದ್ಧಾಂತ. ಕನ್ನಡದಲ್ಲಿ ಆ ಪ್ರಾಣಿ ಆಡು. ಮಂಡ್ಯದ ಕಡೆ ಹಕಾರ ಉದುರಿ ಹಾಡೂ ಆಡು. ನಾಟಕವನ್ನು ಆಡುವುದಂತೂ ಆಡುವುದೇ. ಗ್ರೀಕರು ಎರಡು ಪದ ಹೊಲಿದು ಹೇಳಿದ್ದನ್ನು, ಹೇಳದೆ ಬಿಟ್ಟದ್ದನ್ನೂ ಸೇರಿಸಿ, ಮಂಡ್ಯದವರು ಒಂದೇ ಪದದಲ್ಲಿ ಮುಗಿಸುತ್ತಾರೆ. ಆದ್ದರಿಂದ ಟ್ರ್ಯಾಜಿಡಿಯ ಮೂಲ ಮಂಡ್ಯ. ಹಕಾರವನ್ನು ಬಿಡದೆ ಉಚ್ಚರಿಸುವ ಧಾರವಾಡದ ವಿದ್ವಾಂಸರ ಆಕ್ಷೇಪಕ್ಕೆ ಅಡಿಟಿಪ್ಪಣಿಯಲ್ಲಿ ಉತ್ತರಿಸಿದ್ದೆವು. ಜಾಗವಿಲ್ಲವೆಂದು ಸಂಪಾದಕರು ತೆಗೆದರು.

ಪುರಾವೆ ಬೇಕೆನ್ನುವವರು ಈಜಿಪ್ಟಿನ ಆಕ್ಸಿರಿಂಕಸ್ ಊರಿನ ತಿಪ್ಪೆಗೆ ಹೋಗಬೇಕು. ಅಲ್ಲಿ ಸಿಕ್ಕ ಪಪೈರಸ್ ಹಾಳೆಯ ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ರಾಜನೊಬ್ಬನ ಸೆರೆಯಲ್ಲಿ ಗ್ರೀಕ್ ಹುಡುಗಿಯಿದ್ದಾಳೆ. ಅವಳ ಸೋದರ ರಾಜನಿಗೆ ಚೆನ್ನಾಗಿ ಕುಡಿಸಿ ಬಿಡಿಸಿಕೊಂಡು ಹೋಗುತ್ತಾನೆ. ರಾಜನ ಕಡೆಯವರು ಆಡುವುದು ಕನ್ನಡ ಎಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಷ್ ಹೇಳಿದರು. ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಬರೀ ಅರ್ಥವಿಲ್ಲದ ಗದ್ದಲ ಎನ್ನುವವರೂ ಇದ್ದಾರೆ. ಕುಡಿದವರ ಮಾತಿನಲ್ಲಿ ಈ ಎರಡೂ ಒಟ್ಟಿಗೆ ಇರಬಹುದೆಂಬುದನ್ನು ಇಷ್ಟು ಜನ ಪಂಡಿತರಲ್ಲಿ ಒಬ್ಬರೂ ಗಮನಿಸಲಿಲ್ಲ.

'ಫಾರ್ಸ್' ಎಂದರೆ ಫ್ರೆಂಚರಲ್ಲಿ ಹೂರಣ: ಮಧ್ಯಯುಗದ ಧಾರ್ಮಿಕ ನಾಟಕಗಳ ನಡುವೆ ಜನ ಎದ್ದುಹೋಗದಂತೆ ತುಂಬುತ್ತಿದ್ದ ನಗೆಯಾಟ. 'ಸೀನ್' ಎಂದರೆ ಮೊದಲಿಗೆ ಡೇರೆ. 'ಹಿಪೊಕ್ರಿಟ್' ಎಂದರೆ ಗ್ರೀಕರಿಗೆ ಬರೀ ನಟ. ಇದಕ್ಕೆ ಉದಾಹರಣೆಗಳನ್ನು ಚುನಾವಣೆ ಮುಗಿದ ಮೇಲೆ ಪ್ರಕಟಿಸುತ್ತೇವೆ.

ಕೊನೆಗೆ, ಬಾಂಬಿಗೆ ಸಂಬಂಧಿಸಿದ್ದೆಂದು ಲೋಕ ತಿಳಿದಿರುವ 'ಎಕ್ಸ್‌ಪ್ಲೋಡ್'. ಇದು ಅಪ್ಪಟ ನಾಟಕದ ಮಾತು. ರೋಮಿನ ಪ್ರೇಕ್ಷಕರು ಚಪ್ಪಾಳೆ ತಟ್ಟಿ ತಟ್ಟಿ ನಟನನ್ನು ರಂಗದಿಂದ ಓಡಿಸುವುದಕ್ಕೆ ಲ್ಯಾಟಿನ್ನಿನಲ್ಲಿ ಈ ಹೆಸರಿತ್ತು. ಮದ್ದುಗುಂಡಿಗೆ ಅಂಟಿದ್ದು ಎಷ್ಟೋ ಕಾಲದ ಮೇಲೆ. ಆದಕಾರಣ ಸಭಿಕರಲ್ಲಿ ವಿನಂತಿ: ಈ ಪ್ರಬಂಧದ ಮಂಡನೆ ಮುಗಿದಾಗ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬಾರದು.